ಆರನೇ ವರ್ಷದಿಂದ ಮುಂದೆ

ಗಣಿತದ ಮೇಡಂಗೆ ಲೆಕ್ಕ ಬರುತ್ತದೆ ಎಂದು ಊರಿನವರೆಲ್ಲ ನಂಬಿಕೊಂಡಿರುತ್ತಾರೆ. ನಮಗೆ ಬರುವುದು ಗಣಿತ. ಲೆಕ್ಕ ಬರುವುದು ಕಿರಾಣಿ ಅಂಗಡಿಯವರಿಗೆ. ಕಿತ್ತೂರಿನ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಬಹಳ ವರ್ಷ ಪಾಠ ಹೇಳಿ, ನಿವೃತ್ತಳಾಗಿ ಬೈಲಹೊಂಗಲದ ಮನೆಯಲ್ಲಿ ಕುಳಿತ ಮೇಲೂ ಜನರ ಈ ಭ್ರಮೆ ಹೋಗಿಲ್ಲ. ಪ್ಲಾಟಿನ ಅಳತೆ, ವಿಮೆಯ ಕಂತು, ಮದುವೆ ಊಟಕ್ಕೆ ಎಷ್ಟು ಕಿಲೋ ರವೆ ಬೇಕು, ಎಲ್ಲವೂ ನನ್ನ ಬಾಗಿಲಿಗೇ ಬರುತ್ತವೆ. ನಾನೂ ಬೀಗುತ್ತ ಉತ್ತರ ಕೊಡುತ್ತೇನೆ. ಹಾಗೆ ಬೀಗಿದ್ದಕ್ಕೇ ಹೋದ ವರ್ಷ ಸಿಕ್ಕಿಬಿದ್ದೆ.

ನಮ್ಮಪ್ಪ ಕಟ್ಟಿದ್ದು ಹತ್ತಿಯಿಂದ ಬೀಜ ಬಿಡಿಸುವ ಗಿರಣಿ. ಸಂಪಗಾಂವಕ್ಕೆ ಹೋಗುವ ರಸ್ತೆಯಲ್ಲಿದೆ. ಬದುಕಿದ್ದಾಗಲೇ ಅಪ್ಪ ಅದನ್ನೊಂದು ಕಂಪನಿ ಮಾಡಿ, ಮೂವರು ಮಕ್ಕಳಿಗೂ ಸಮನಾಗಿ ಶೇರು ಹಂಚಿದರು. ಹೆಣ್ಣುಮಕ್ಕಳಿಗೆ ಶೇರು ಕೊಟ್ಟಿದ್ದು ಆಗ ಊರಲ್ಲಿ ನಾಲ್ಕು ದಿನದ ಮಾತಾಗಿತ್ತು. ಗಿರಣಿ ನಡೆಸುವವನು ಅಣ್ಣ. ಅರವತ್ತೈದು ದಾಟಿದರೂ ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗೇಟು ತೆಗೆಯುತ್ತಾನೆ. ನಾನು ನಡುವಿನವಳು. ತಂಗಿಯನ್ನು ಉಗರಗೋಳಕ್ಕೆ ಕೊಟ್ಟಿದೆ. ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆ ಅವಳು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾಳೆ. ವರ್ಷಕ್ಕೊಮ್ಮೆ ದೀಪಾವಳಿಯ ಪೂಜೆಗೆ ಗಿರಣಿಯಲ್ಲಿ ಸೇರುತ್ತೇವೆ. ಅಣ್ಣ ನಮ್ಮಿಬ್ಬರಿಗೂ ಆ ವರ್ಷದ ಲಾಭದ ಪಾಲು ಮತ್ತು ಒಂದೊಂದು ಇಳಕಲ್ ಸೀರೆ ಕೊಡುತ್ತಾನೆ. ಸೀರೆಯ ಬಣ್ಣದ ಬಗ್ಗೆ ನಾವು ಜಗಳಾಡುತ್ತೇವೆಯೇ ಹೊರತು ಪಾಲಿನ ಬಗ್ಗೆ ಎಂದೂ ಆಡಿದ್ದಿಲ್ಲ.

ಹೋದ ದೀಪಾವಳಿಗೆ ತಂಗಿ ಸೀರೆಯನ್ನು ಬಿಚ್ಚಿಯೂ ನೋಡಲಿಲ್ಲ. “ಅಣ್ಣಾ, ನನ್ನ ಪಾಲು ನನಗ ಕೊಟ್ಟಬಿಡು. ಬಾಜೂಕಿನ ಜಾಗಾ ತಗೊಂಡು ಇನ್ನೊಂದ ನಾಕ ಕೋಣಿ ಕಟ್ಟಸ್ತೇನಿ,” ಎಂದಳು. ಅತ್ತಿಗೆ ತಟ್ಟೆಗೆ ಕರದಂಟು ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. ಅಣ್ಣ ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ, “ಕೊಡೋಣಂತ. ಎಷ್ಟ ಆಕ್ಕೈತಿ ಅಂತ ತಿಳದವರ ಕಡೆ ಲೆಕ್ಕಾ ಹಾಕಸ್ತೇನಿ. ನಿಮ್ಮಕ್ಕ ನೋಡಿ ಹೇಳ್ಲಿ. ಆಕಿ ಹೇಳಿದ್ದ ಕಡೀ ಮಾತು,” ಎಂದ. ತಂಗಿಯೂ ಹೂಂ ಎಂದಳು. ಇಬ್ಬರೂ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಅದರಲ್ಲೇನು ಮಹಾ, ಕೂಡಿ ಮೂರರಿಂದ ಭಾಗಿಸುವುದು ತಾನೇ ಎಂದುಕೊಂಡಿದ್ದೆ.

ಲೆಕ್ಕ ಹಾಕಿದ ಸಿ.ಎ. ಹುಡುಗಿ ನನ್ನ ಶಿಷ್ಯೆಯೇ. ಬೈಲಹೊಂಗಲದ ಬಜಾರದಲ್ಲಿ ಅರಿವೆ ಅಂಗಡಿಯೊಂದರ ಮಾಳಿಗೆಯ ಮೇಲೆ ಅವಳ ಆಫೀಸು. ಕಾಲೇಜಿನಲ್ಲಿದ್ದಾಗ ಹಿಂದಿನ ಬೆಂಚಿನಲ್ಲಿ ಕುಳಿತು ಕಡಲೆ ತಿನ್ನುತ್ತಿದ್ದವಳು. ಅವಳು ಕಳಿಸಿದ ವರದಿಯಲ್ಲಿ ಮುಂದಿನ ಐದು ವರ್ಷ ಗಿರಣಿಯಿಂದ ಎಷ್ಟು ಹಣ ಉಳಿಯಬಹುದು ಎಂಬುದನ್ನು ಒಂದೊಂದು ವರ್ಷಕ್ಕೆ ಒಂದೊಂದು ಸಾಲಾಗಿ ಬರೆದಿತ್ತು. ಅಲ್ಲಿಯವರೆಗೆ ನನಗೆ ತೊಂದರೆಯಾಗಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಕೆಲಸ ಅನ್ನಿಸಿತಾದರೂ ಐದು ವರ್ಷವಲ್ಲವೇ, ಇರಲಿ ಎಂದುಕೊಂಡೆ. ಕೆಳಗೆ ಇನ್ನೊಂದು ಸಾಲಿತ್ತು: ಟರ್ಮಿನಲ್ ವ್ಯಾಲ್ಯೂ. ಐದು ವರ್ಷಗಳನ್ನು ಕೂಡಿಸಿದರೆ ಗಿರಣಿಯ ಬೆಲೆಯ ಮೂರರಲ್ಲಿ ಒಂದು ಪಾಲು ಬರುತ್ತಿತ್ತು. ಉಳಿದ ಎರಡು ಪಾಲು ಈ ಒಂದೇ ಸಾಲಿನಲ್ಲಿತ್ತು.

ನಾನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಮನೆ ಮಾರುವವನು ಒಂದು ಕೋಣೆ ತೋರಿಸಿ, ಉಳಿದ ಎರಡು ಕೋಣೆಗೆ ಬೀಗ ಹಾಕಿ, ಒಳಗೆ ಚೆನ್ನಾಗಿದೆ ನಂಬಿ ಅಂದ ಹಾಗಾಯಿತು. ಟರ್ಮಿನಲ್ ಅಂದರೆ ಕೊನೆಯದು ಎಂದು ನನಗೆ ಗೊತ್ತಿದ್ದ ಅರ್ಥ. ಕೊನೆಯಲ್ಲಿ ಗಿರಣಿಯನ್ನು ಗುಜರಿಗೆ ಹಾಕಿದರೆ ಬರುವ ಹಣವಿರಬೇಕು ಎಂದು ಊಹಿಸಿದೆ. ಆದರೆ ಹಳೇ ಕಬ್ಬಿಣಕ್ಕೆ ಅಷ್ಟು ದುಡ್ಡು ಯಾರು ಕೊಡುತ್ತಾರೆ? ತಲೆ ಕೆಟ್ಟು, ಚಪ್ಪಲಿ ಮೆಟ್ಟಿ ಬಜಾರಕ್ಕೆ ನಡೆದೆ.

ಶಿಷ್ಯೆ ಎದ್ದು ನಿಂತು ಕುರ್ಚಿ ಕೊಟ್ಟಳು. “ಬರ್ರಿ ಮೇಡಂ, ಕುಂದರ್ರಿ. ಚಾ ತರಸ್ಲೇನ್ರಿ?”

“ಚಾ ಆಮ್ಯಾಲ. ಈ ಕಡೀ ಸಾಲು ಏನಂತ ಹೇಳವಾ ಮೊದಲ.”

“ಐದ ವರ್ಷದ್ದು ಒಂದೊಂದ ವರ್ಷ ಹಿಡದು ಅಂದಾಜ ಮಾಡತೇವ್ರಿ. ಅದರ ಮುಂದಿಂದು ಅಷ್ಟ ದೂರ ಯಾರಿಗೂ ಕಾಣೂದಿಲ್ಲ. ಹಂಗಂತ ಬಿಡಾಕ ಬರೂದಿಲ್ಲಲ್ರಿ, ಐದ ವರ್ಷಕ್ಕ ಗಿರಣಿ ಏನ ಮಾಯ ಆಕ್ಕೈತೇನು? ಅದಕ್ಕ ಆರನೇ ವರ್ಷದಿಂದ ಮುಂದಿಂದೆಲ್ಲಾ ಒಂದ ಗಂಟ ಕಟ್ಟತೇವಿ.”

“ಮುಂದಿಂದು ಅಂದ್ರ ಎಲ್ಲಿತನಕ?”

“ಕಡಿತನಕ್ರಿ.”

“ಕಡೀ ಯಾವಾಗ?”

“ಕಡೀನ ಇಲ್ರಿ ಮೇಡಂ. ಹಂಗ ತಿಳಕೊಳ್ಳೂದು.”

ಕಾಣುವುದಿಲ್ಲ ಎಂದು ಒಪ್ಪಿಕೊಂಡ ಭಾಗಕ್ಕೇ ಹೆಚ್ಚು ಬೆಲೆ ಹಾಕಿದ್ದೀಯಲ್ಲ ಎಂದು ನಾನು ರೇಗಿದೆ. ಅವಳು ಬೇಸರ ಮಾಡಿಕೊಳ್ಳದೆ ಕಾಗದ ತೆಗೆದುಕೊಂಡು ಬರೆದು ತೋರಿಸಿದಳು. ಮುಂದಿನ ವರ್ಷ ಸಿಗುವ ನೂರು ರೂಪಾಯಿ ಇವತ್ತಿನ ನೂರಕ್ಕೆ ಸಮವಲ್ಲ. ಕಾಯಬೇಕು, ಸಿಗದೇ ಹೋಗುವ ಭಯವೂ ಇದೆ. ಅದಕ್ಕೆ ವರ್ಷಕ್ಕೆ ಶೇಕಡಾ ಹದಿನಾಲ್ಕರಂತೆ ಅದನ್ನು ಇಳಿಸುತ್ತ ಬರಬೇಕು. ಇನ್ನೊಂದು ಕಡೆ ಗಿರಣಿಯ ಗಳಿಕೆ ವರ್ಷಕ್ಕೆ ಶೇಕಡಾ ಐದರಂತೆ ಏರುತ್ತದೆ ಎಂದು ಇಟ್ಟುಕೊಂಡಿದ್ದಾಳೆ. ಏರುವುದಕ್ಕಿಂತ ಇಳಿಯುವುದು ಜೋರಾಗಿರುವುದರಿಂದ, ಒಂದೊಂದು ವರ್ಷದ ಇವತ್ತಿನ ಬೆಲೆ ಹಿಂದಿನ ವರ್ಷಕ್ಕಿಂತ ಸಣ್ಣದಾಗುತ್ತ ಹೋಗುತ್ತದೆ. ಆ ಸಣ್ಣಸಣ್ಣದ್ದನ್ನೆಲ್ಲ ಕೊನೆಯಿಲ್ಲದಂತೆ ಕೂಡಿಸಿದರೂ ಮೊತ್ತ ಒಂದು ಕಡೆ ನಿಲ್ಲುತ್ತದೆ. ಆರನೇ ವರ್ಷದ ಗಳಿಕೆಯನ್ನು ಹದಿನಾಲ್ಕರಲ್ಲಿ ಐದು ಕಳೆದು ಉಳಿದ ಶೇಕಡಾ ಒಂಬತ್ತರಿಂದ ಭಾಗಿಸಿದರೆ ಆ ಮೊತ್ತ ಸಿಗುತ್ತದೆ. ಅದನ್ನು ಮತ್ತೆ ಐದು ವರ್ಷ ಹಿಂದಕ್ಕೆ, ಇವತ್ತಿಗೆ ಇಳಿಸಬೇಕು. ಅಷ್ಟೇ ಕೆಲಸ.

“ಇದನ್ನ ನೀವ ಕಲಿಸಿದ್ರಿ ಮೇಡಂ,” ಎಂದಳು.

ನನ್ನ ಮುಖ ಬಾಡಿತು. ಹೌದು, ಅದು ಅನಂತ ಗುಣೋತ್ತರ ಶ್ರೇಢಿಯ ಮೊತ್ತ. ಒಂದು ರೊಟ್ಟಿಯನ್ನು ಅರ್ಧ ಮಾಡಿ ತಿನ್ನಿ, ಉಳಿದ ಅರ್ಧದಲ್ಲಿ ಅರ್ಧ ತಿನ್ನಿ, ಹೀಗೆ ತಿನ್ನುತ್ತಲೇ ಇದ್ದರೂ ಒಂದು ರೊಟ್ಟಿಗಿಂತ ಹೆಚ್ಚು ತಿಂದಿರುವುದಿಲ್ಲ ಎಂದು ವರ್ಷಾ ವರ್ಷಾ ಬೋರ್ಡಿನ ಮೇಲೆ ಬರೆದು, ಮಕ್ಕಳು ಬೆರಗಾಗುವುದನ್ನು ನೋಡಿ ಖುಷಿಪಟ್ಟವಳು ನಾನು. ಆದರೆ ಆ ಸೂತ್ರ ಹಿಡಿದು ಯಾರೋ ಯಾರಿಗೋ ನಿಜವಾದ ದುಡ್ಡು ಎಣಿಸಿ ಕೊಡುತ್ತಾರೆಂದು ಕನಸಿನಲ್ಲೂ ನೆನೆದಿರಲಿಲ್ಲ. ಬೋರ್ಡಿನ ಮೇಲಿನ ಅನಂತ ನನಗೆ ಪರಿಚಯದ್ದು. ಸಂಪಗಾಂವ ರಸ್ತೆಯಲ್ಲಿ ತಗಡಿನ ಚಪ್ಪರ ಹೊತ್ತು ನಿಂತ ಅನಂತವನ್ನು ನಾನು ನೋಡಿರಲಿಲ್ಲ. ಚಹಾ ಕುಡಿದು, ಎಲ್ಲ ತಿಳಿದವಳಂತೆ ತಲೆ ಆಡಿಸಿ ಎದ್ದು ಬಂದೆ.

ಮನೆಯಲ್ಲಿ ಅವಳು ಕಳಿಸಿದ ಹಾಳೆಯನ್ನು ಕಂಪ್ಯೂಟರಿನಲ್ಲಿ ತೆರೆದು ಆಟಕ್ಕೆ ಕುಳಿತೆ. ಆರನೇ ವರ್ಷದಿಂದ ಮುಂದಿನ ಆ ಐದನ್ನು ಅಳಿಸಿ ಸೊನ್ನೆ ಹಾಕಿದೆ. ಗಿರಣಿಯ ಬೆಲೆ ಕಾಲು ಭಾಗ ಕುಸಿಯಿತು. ಹತ್ತು ಹಾಕಿದೆ. ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಗಿರಣಿಯ ಒಂದು ಮೊಳೆಯೂ ಅತ್ತಿತ್ತ ಸರಿದಿರಲಿಲ್ಲ, ನನ್ನ ಬೆರಳು ಮಾತ್ರ ಸರಿದಿತ್ತು. ಹದಿನಾಲ್ಕು ಹಾಕಿದಾಗ ಕಂಪ್ಯೂಟರು ಕೈ ಎತ್ತಿತು. ಸೊನ್ನೆಯಿಂದ ಭಾಗಿಸಲು ಅದಕ್ಕೂ ಬರುವುದಿಲ್ಲವಲ್ಲ. ಹಟಕ್ಕೆ ಬಿದ್ದು ಹದಿನೈದು ಹಾಕಿದೆ. ಬೆಲೆ ಮೈನಸ್ಸಿಗೆ ಹೋಯಿತು. ಗಿರಣಿ ಅಷ್ಟು ಜೋರಾಗಿ ಬೆಳೆದರೆ ಕೊಂಡವರಿಗೆ ನಾವೇ ದುಡ್ಡು ಕೊಟ್ಟು, ಆರತಿ ಎತ್ತಿ ಕಳಿಸಬೇಕು ಎಂದಾಯಿತು! ನಾನು ಕಂಪ್ಯೂಟರು ಮುಚ್ಚಿ ಮೆಂತ್ಯೆಪಲ್ಲೆ ಸೋಸಲು ಕುಳಿತೆ. ಸೊಪ್ಪಾದರೂ ಎಷ್ಟಿದೆಯೋ ಅಷ್ಟೇ ಇರುತ್ತದೆ.

ಆದರೂ ಒಂದು ಪ್ರಶ್ನೆ ಕೊರೆಯತೊಡಗಿತು. ಐದೇ ಯಾಕೆ? ಶಿಷ್ಯೆಗೆ ಫೋನು ಮಾಡಿದೆ. ಅವಳು ಮೊದಲು ಸೊನ್ನೆ ಇಟ್ಟಿದ್ದಳಂತೆ. ನಮ್ಮ ಕಡೆ ಹತ್ತಿ ಬೆಳೆಯುವವರು ಕಡಿಮೆಯಾಗಿ ಎಲ್ಲರೂ ಸೋಯಾ, ಕಬ್ಬು, ಗೋವಿನಜೋಳ ಎನ್ನುತ್ತಿದ್ದಾರೆ, ಅದಕ್ಕೆ ಹುಷಾರಾಗಿ ಸೊನ್ನೆಯೇ ಸರಿ ಎಂದು ಅವಳ ಎಣಿಕೆ. “ನಿಮ್ಮ ಅಣ್ಣಾರು ಭಾಳ ಸಿಟ್ಟಾದ್ರಿ. ಸೊನ್ನಿ ಇದ್ರ ಕಾಗದಾ ಮನಿ ಹೊಸ್ತಲಾ ದಾಟಸೂದಿಲ್ಲ ಅಂದ್ರು. ಕಡಿಗೆ ಐದಕ್ಕ ಬಂದ ನಿಂತ್ರು,” ಎಂದಳು.

ನನಗೆ ನಗುವೂ ಬಂತು, ಗಾಬರಿಯೂ ಆಯಿತು. ಯಾಕೆಂದರೆ ತಂಗಿಯ ಪಾಲು ಕೊಳ್ಳುವವನು ಅಣ್ಣನೇ! ಬೆಲೆ ಏರಿದಷ್ಟೂ ಅವನ ಜೇಬೇ ಹರಿಯುತ್ತದೆ. ಕೊಳ್ಳುವವನೇ ಬೆಲೆ ಏರಿಸುವುದನ್ನು ಹತ್ತಿ ಪೇಟೆಯಲ್ಲಿ ಯಾರಾದರೂ ಕಂಡಿದ್ದಾರೆಯೇ? ಆದರೆ ಅಣ್ಣನನ್ನು ಬಲ್ಲವರಿಗೆ ಇದು ಅಷ್ಟು ವಿಚಿತ್ರವಲ್ಲ. ನಮ್ಮ ಗಿರಣಿಯಲ್ಲಿ ಹತ್ತಿ ತೂಗುವಾಗ ಮೊದಲ ತೂಕಕ್ಕೆ ಒಂದು ಎಂದು ಕೂಗುವುದಿಲ್ಲ, ‘ಲಾಭ’ ಎಂದು ಕೂಗುತ್ತಾರೆ. ಆಮೇಲೆ ಎರಡು, ಮೂರು. ಹಂಗಾಮು ಮುಗಿದಾಗ ಹತ್ತಿ ಒಟ್ಟುವ ಕೋಣೆಯನ್ನು ಪೂರ್ತಿ ಗುಡಿಸುವುದಿಲ್ಲ, ಮೂಲೆಯಲ್ಲಿ ಒಂದು ಹಿಡಿ ಬಿಡುತ್ತಾರೆ. ಇಲ್ಲ, ಮುಗಿಯಿತು, ಖಾಲಿ ಎಂಬ ಮಾತು ಆ ಗೇಟಿನೊಳಗೆ ಯಾರ ಬಾಯಲ್ಲೂ ಬರಕೂಡದು. ಅಂಥ ಮನುಷ್ಯನ ಮುಂದೆ ಆ ಹುಡುಗಿ ಸೊನ್ನೆ ಹಿಡಿದಿದ್ದಾಳೆ.

ಮರುದಿನ ಗಿರಣಿಗೆ ಹೋದೆ. ಹಂಗಾಮಿನ ದಿನಗಳು. ಯಂತ್ರಗಳ ಸದ್ದಿನಲ್ಲಿ ಕಿವಿ ಕೇಳುತ್ತಿರಲಿಲ್ಲ. ಗಾಳಿಯಲ್ಲಿ ಹತ್ತಿಯ ಸಣ್ಣ ಎಳೆಗಳು ತೇಲುತ್ತಿದ್ದವು, ಅಣ್ಣನ ಹುಬ್ಬಿನ ಮೇಲೂ ಕುಳಿತಿದ್ದವು. ಆಫೀಸಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, ಐದು ಬರೆಸಿದರೆ ಅವನಿಗೇ ನಷ್ಟ ಎಂಬುದನ್ನು ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದೆ.

“ಗೊತ್ತೈತಿ,” ಎಂದ.

“ಗೊತ್ತಿದ್ದೂ ಬರಸಿದ್ಯಾ?”

“ಮತ್ತೇನ ಅಪ್ಪನ ಗಿರಣಿ ಮುಂದ ಸೊನ್ನಿ ಬರಸಿ ಸಹಿ ಮಾಡಂತಿ? ಕೈ ಬರತೈತೇನು? ತಂಗಿಗೆ ನಾಕ ರೊಕ್ಕ ಹೆಚ್ಚ ಹೋದ್ರ ಹೋಗ್ಲಿ. ಆಕಿ ಏನ ಹೊರಗಿನಾಕೇನು?”

“ಅಷ್ಟ ರೊಕ್ಕ ಎಲ್ಲಿಂದ ತರ್ತಿ?”

“ಬ್ಯಾಂಕಿನಾಗ ತಗೀತೇನಿ. ಇನ್ನೊಂದ ಏಳೆಂಟ ವರ್ಷ ದುಡದ್ರ ಮುಟ್ಟತೈತಿ,” ಎಂದು ಹೇಳುವಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತು. ನೀರು ಕುಡಿದು, ಎದೆ ನೀವಿಕೊಂಡು, ಮತ್ತೆ ಯಂತ್ರಗಳ ಕಡೆ ನಡೆದ.

ಆ ಕೆಮ್ಮು ಹೊಸದಲ್ಲ. ಹತ್ತಿಯ ಧೂಳಿನಿಂದ ಪುಪ್ಪುಸಗಳು ಕೆಟ್ಟಿವೆ, ಇನ್ನು ಆ ಧೂಳಿನಲ್ಲಿ ನಿಲ್ಲಬಾರದು ಎಂದು ಬೆಳಗಾವಿಯ ಡಾಕ್ಟರು ಹೇಳಿದ್ದರು. ಕರೆದುಕೊಂಡು ಹೋಗಿದ್ದವಳು ತಂಗಿಯೇ. ಆಮೇಲೆ ಎಷ್ಟು ಸಲ ಹೇಳಿದರೂ ಅಣ್ಣನದು ಒಂದೇ ಉತ್ತರ: “ನಾ ಒಂದ ದಿನಾ ಹೋಗಲಿಲ್ಲಂದ್ರ ಗಿರಣಿ ನಿಲ್ತೈತಿ.” ಅವನಿಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ತಮ್ಮ ತಮ್ಮ ಸಂಸಾರ, ಕೆಲಸಗಳಲ್ಲಿದ್ದಾರೆ, ಹತ್ತಿಯ ಗೊಡವೆ ಅವರಿಗೆ ಬೇಡ. ರಾಮದುರ್ಗದ ವ್ಯಾಪಾರಿಯೊಬ್ಬರು ಗಿರಣಿಯನ್ನು ಇಡಿಯಾಗಿ ಕೊಳ್ಳುತ್ತೇನೆಂದು ಎರಡು ವರ್ಷದಿಂದ ಹೇಳಿ ಕಳಿಸುತ್ತಿದ್ದಾರೆ. ಅವರ ಹೆಸರೆತ್ತಿದರೆ ಅಣ್ಣ ಊಟದ ತಟ್ಟೆ ಬಿಟ್ಟು ಏಳುತ್ತಾನೆ.

ಕೊಳ್ಳುವವನ ಮಾತು ಕೇಳಿದ್ದಾಯಿತು, ಮಾರುವವಳನ್ನೂ ಕೇಳೋಣವೆಂದು ಸವದತ್ತಿಯ ಬಸ್ಸು ಹತ್ತಿ ಉಗರಗೋಳಕ್ಕೆ ಹೋದೆ. ಅಂಗಳದಲ್ಲಿ ಭಕ್ತರು ಇಳಿದಿದ್ದರು, ಒಲೆಯ ಮೇಲೆ ಹಂಡೆ ನೀರು ಕಾಯುತ್ತಿತ್ತು. ತಂಗಿ ಬಕೆಟ್ಟು ಬಕೆಟ್ಟು ಬಿಸಿನೀರು ತೋಡಿ ಕೊಡುತ್ತಲೇ ನನ್ನ ಮಾತು ಕೇಳಿಸಿಕೊಂಡಳು. ಅಣ್ಣ ಐದು ಬರೆಸಿದ್ದಾನೆ ಎಂದ ಕೂಡಲೇ ತಂಬಿಗೆ ಕುಕ್ಕಿದಳು.

“ಐದ? ಆ ಗಿರಣಿಗೆ? ಮುಂದಿನ ಹತ್ತ ವರ್ಷಕ್ಕ ಅಲ್ಲಿ ಬರೇ ಇಲಿ ಇರತಾವ ಅಕ್ಕಾ. ಸೊನ್ನೀನೂ ಜಾಸ್ತಿ ಆತು. ಅದರ ಕೆಳಗ ಏನರ ಇದ್ರ ಅದನ್ನ ಹಾಕು.”

“ಕೆಳಗ ಹಾಕಿದ್ರ ನಿನಗ ಕಡಿಮಿ ಬರತೈತಿ, ಹುಚ್ಚಿ.”

“ಬಂದ್ರ ಬರ್ಲಿ.”

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ತಂತಮ್ಮ ಮೇವಿಗೆ ಬೆನ್ನು ಹಾಕಿ ಎಳೆಯುತ್ತಿದ್ದವು. ಕೊಳ್ಳುವವನು ಹೊಗಳುತ್ತಿದ್ದಾನೆ, ಮಾರುವವಳು ತೆಗಳುತ್ತಿದ್ದಾಳೆ. ನನಗೆ ಈ ವ್ಯಾಪಾರದ ತಲೆಬುಡ ತಿಳಿಯಲಿಲ್ಲ. ಅವಳ ಕೈಯಿಂದ ತಂಬಿಗೆ ಕಸಿದುಕೊಂಡು ಕಟ್ಟೆಯ ಮೇಲೆ ಕೂಡಿಸಿದೆ. ನಿಜ ಹೇಳು, ಆ ಜಾಗ ನಿನಗೆ ಬೇಕಾಗಿದೆಯೇ ಎಂದು ಕೇಳಿದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ ಗೊತ್ತಾಗಲಿಲ್ಲ. “ಜಾಗಾ ತಗೊಂಡ ಏನ ಮಾಡ್ಲಿ? ಇದ್ದ ಕೋಣಿ ಗುಡಸೂದ ಆಗವಲ್ದು. ನನ್ನ ಪಾಲು ಕೇಳಿದ್ರ ಅವನ ಕಡೆ ಅಷ್ಟ ರೊಕ್ಕ ಇರೂದಿಲ್ಲ. ರಾಮದುರ್ಗದವರಿಗೆ ಗಿರಣಿ ಕೊಟ್ಟು ಮನ್ಯಾಗ ಕುಂಡರತಾನ ಅಂತ ಮಾಡಿದ್ದೆ. ಡಾಕ್ಟರು ಆ ಫೋಟೋ ಹಿಡದು ತೋರಸಿದಾಗ ನಾ ಇದ್ದೆ ಅಕ್ಕಾ, ನೀ ಇರಲಿಲ್ಲ. ಎದಿ ತುಂಬ ಹತ್ತಿ ತುಂಬಿದಂಗ ಕಾಣತಿತ್ತು.”

ತಂಬಿಗೆ ಕೆಳಗಿಟ್ಟು, ಹಾಗಿದ್ದರೆ ನಿನ್ನ ಉಪಾಯಕ್ಕೆ ಗಿರಣಿಯ ಬೆಲೆ ಹೆಚ್ಚಾಗಬೇಕೇ ಹೊರತು ಕಡಿಮೆಯಲ್ಲ, ಕಡಿಮೆಯಾದರೆ ಅವನು ಸಲೀಸಾಗಿ ಕೊಟ್ಟುಬಿಡುತ್ತಾನೆ ಎಂದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. “ಅದೆಲ್ಲಾ ನನಗ ತಿಳಿಯೂದಿಲ್ಲ. ಆ ಗಿರಣಿ ಅವನ್ನ ತಿನ್ನಾಕ ಹತ್ತೈತಿ. ಅದು ಕೆಟ್ಟದ್ದಂತ ಬರಿ,” ಎಂದಳು. ಒಳಗಿನಿಂದ ಯಾರೋ ಬಿಸಿನೀರು ಕೇಳಿದರು, ಎದ್ದು ಹೋದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಲೆಕ್ಕ ಹಾಕುತ್ತ ಬಂದೆ. ನಾನು ಹೆಚ್ಚು ಬೆಲೆ ಹೇಳಿದರೆ ಅಣ್ಣ ಬ್ಯಾಂಕಿನ ಸಾಲ ತೆಗೆದು ಏಳೆಂಟು ವರ್ಷ ಅದೇ ಧೂಳಿನಲ್ಲಿ ದುಡಿಯುತ್ತಾನೆ. ಕಡಿಮೆ ಹೇಳಿದರೆ ಸಲೀಸಾಗಿ ಕೊಟ್ಟು ಅದೇ ಧೂಳಿನಲ್ಲಿ ದುಡಿಯುತ್ತಾನೆ. ಸೊನ್ನೆಯಿಂದ ಹದಿನಾಲ್ಕರ ನಡುವೆ ಯಾವ ಅಂಕಿಯನ್ನು ಹಾಕಿದರೂ ಅವನು ಮನೆಗೆ ಬರುವುದಿಲ್ಲ. ಇಬ್ಬರೂ ನನ್ನದೇ ಕೊನೆಯ ಮಾತು ಎಂದಿದ್ದಾರೆ, ನನ್ನ ಬಳಿ ಮಾತೇ ಇಲ್ಲ. ಇಷ್ಟು ವರ್ಷ ಕರಿಹಲಗೆಯ ಮುಂದೆ ನಿಂತು ಮೆರೆದದ್ದೆಲ್ಲ ಯಾತಕ್ಕೆ ಬಂತು ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಸುಮ್ಮನೆ ಕೂರಲಾರದೆ ಮನೆಯಲ್ಲಿ ಮತ್ತೆ ಆ ಹಾಳೆ ತೆರೆದೆ. ಈ ಅನಂತ ಎಂಬುದು ನಿಜಕ್ಕೂ ಎಷ್ಟು ದೂರ ಹೋಗುತ್ತದೆ ನೋಡೋಣವೆಂದು, ಗಂಟು ಕಟ್ಟಿದ್ದನ್ನು ಬಿಚ್ಚಿ ಒಂದೊಂದು ವರ್ಷವಾಗಿ ಹರಡಿದೆ. ಐದಕ್ಕೇ ಮುಂದುವರಿಸಿದರೂ, ಇವತ್ತಿನಿಂದ ಇಪ್ಪತ್ತು ವರ್ಷಗಳೊಳಗೇ ಗಿರಣಿಯ ಬೆಲೆಯ ಐದರಲ್ಲಿ ನಾಲ್ಕು ಪಾಲು ಬಂದುಬಿಡುತ್ತಿತ್ತು. ನೂರನೇ ವರ್ಷದ ಗಳಿಕೆಯ ಇವತ್ತಿನ ಬೆಲೆಗೆ ಒಂದು ಇಳಕಲ್ ಸೀರೆಯೂ ಬರುವಂತಿರಲಿಲ್ಲ. ಅಂದರೆ ಕೊನೆಯಿಲ್ಲದ್ದು ಎಂದು ನನ್ನನ್ನು ಹೆದರಿಸಿದ್ದು ಅಷ್ಟೇನೂ ದೂರದ್ದಲ್ಲ. ಅದರ ಬಹುಪಾಲು ನಮ್ಮ ಅಣ್ಣನ ಎಪ್ಪತ್ತು, ಎಂಬತ್ತರ ವರ್ಷಗಳು. ಆ ವರ್ಷಗಳಲ್ಲಿ ಗೇಟು ತೆಗೆಯುವವರು ಯಾರು ಎಂದು ಇಡೀ ಹಾಳೆಯಲ್ಲಿ ಹುಡುಕಿದೆ. ಎಲ್ಲೂ ಬರೆದಿರಲಿಲ್ಲ. ಸೂತ್ರ ಅದನ್ನು ಕೇಳುವುದೇ ಇಲ್ಲ. ಗಿರಣಿ ನಡೆಯುತ್ತದೆ ಎನ್ನುತ್ತದೆ, ಅಷ್ಟೇ.

ಆಗ ನನಗೊಂದು ದಾರಿ ಹೊಳೆಯಿತು. ಹೊಳೆದದ್ದೇ ತಡ, ಎದೆ ಹಗುರಾಯಿತು. ಎಲ್ಲ ತಿಳಿದುಹೋಯಿತು ಎಂದುಕೊಂಡೆ.

ಮಧ್ಯಾಹ್ನ ಗಿರಣಿಗೆ ಹೋದಾಗ ಅಣ್ಣ ಊಟ ಮುಗಿಸಿ ಆಫೀಸಿನಲ್ಲಿ ಕುಳಿತಿದ್ದ. ವರದಿಯನ್ನು ಅವನ ಮುಂದಿಟ್ಟು ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ.

“ಅಣ್ಣಾ, ಇದರಾಗ ಶೇಕಡಾ ಐದರಂಗ ಕಡಿತನಕ ಬೆಳೀತೈತಿ ಅಂತ ನೀನ ಬರಸೀದಿ. ಆರನೇ ವರ್ಷದಿಂದ ಮುಂದ ನಡಸೋರು ಯಾರು?”

“ಯಾರಂದ್ರ? ನಾ.”

“ಹದಿನೈದನೇ ವರ್ಷ?”

“ನಾನ.”

“ನೂರನೇ ವರ್ಷ?”

ನಕ್ಕ. ನಕ್ಕಿದ್ದಕ್ಕೆ ಕೆಮ್ಮು ಬಂತು. ಅದು ನಿಲ್ಲುವವರೆಗೆ ಕಾದೆ.

“ಈ ಲೆಕ್ಕದಾಗ ನೀ ಇಲ್ಲಣ್ಣಾ. ಯಾರೂ ಇಲ್ಲ. ನೀ ಇರು, ಬಿಡು, ಗಿರಣಿ ನಡೀತೈತಿ, ವರ್ಷಾ ವರ್ಷಾ ಬೆಳೀತೈತಿ ಅಂತ ಇದರ ಅರ್ಥ. ಹೌದಂತ ನೀನ ಬರಸೀದಿ. ನೀ ಹೋಗದಿದ್ರ ಗಿರಣಿ ನಿಲ್ತೈತಿ ಅನ್ನೂದು ಖರೇ ಇದ್ರ ಈ ಐದು ಸುಳ್ಳು. ಐದು ಖರೇ ಇದ್ರ ಗಿರಣಿಗೆ ನೀ ಬ್ಯಾಡ. ನಾಳಿಂದ ಮನ್ಯಾಗ ಕುಂಡ್ರು. ರಾಮದುರ್ಗದವರು ನಡಸ್ಲಿ. ತಂಗಿಗೂ ಬೇಕಾಗಿದ್ದು ಅದ. ಆಕಿಗೆ ಜಾಗಾ ಬ್ಯಾಡ, ನೀ ಬೇಕು.”

ಬೋರ್ಡಿನ ಮೇಲೆ ಪ್ರಮೇಯ ಮುಗಿಸಿ ಸೀಮೆಸುಣ್ಣ ಕೆಳಗಿಟ್ಟವಳ ಹಾಗೆ ಕುಳಿತೆ. ಎಲ್ಲೂ ಜಾರಲು ಜಾಗ ಬಿಟ್ಟಿರಲಿಲ್ಲ. ಅಣ್ಣ ವರದಿಯನ್ನು ತನ್ನ ಕಡೆ ಎಳೆದುಕೊಂಡು ಆ ಸಾಲನ್ನೇ ನೋಡತೊಡಗಿದ. ಹೊರಗೆ ತೂಕದ ಹತ್ತಿರ ಯಾರೋ ಹೊಸ ಗಾಡಿಯ ಹತ್ತಿಗೆ ‘ಲಾಭ’ ಎಂದು ಕೂಗಿದರು. ಅವನ ತುಟಿಯೂ ಸದ್ದಿಲ್ಲದೆ ಅದನ್ನೇ ಅಂದಿತು. ಆಮೇಲೆ ಜೇಬಿನಿಂದ ಪೆನ್ನು ತೆಗೆದು ನನ್ನ ಕೈಗೆ ಕೊಟ್ಟ.

“ಹಂಗಾದ್ರ ಸೊನ್ನಿ ಬರಿ,” ಎಂದ.

ಅವನು ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಸಿಟ್ಟಾಗುತ್ತಿದ್ದೆ. ಮೆಲ್ಲಗೆ ಹೇಳಿದ, ಮುಖ ನೋಡದೆ ಹೇಳಿದ. ಅಪ್ಪನ ಗಿರಣಿಯ ಮುಂದೆ ಸೊನ್ನೆ ಬರೆಸುತ್ತಾನೆ, ತಾನಿಲ್ಲದೆ ಅದು ನಡೆಯುತ್ತದೆ ಎಂಬ ಮಾತಿಗೆ ಮಾತ್ರ ಸಹಿ ಹಾಕುವುದಿಲ್ಲ. ನಾನು ಪೆನ್ನು ಹಿಡಿದುಕೊಂಡೇ ಕುಳಿತೆ. ಅವನು ಟೋಪಿ ಹಾಕಿಕೊಂಡು ತೂಕದ ಕಡೆ ಹೋದ.

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ನಿಂತು ತಂಗಿಗೆ ಫೋನು ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಹೇಳುವಾಗ ಅಳು ಬಂತು, ರಸ್ತೆಯಲ್ಲಿ ಹೋಗುವವರು ನೋಡಿದರೂ ಒರೆಸಿಕೊಳ್ಳಲಿಲ್ಲ. ಸೂತ್ರ ಸರಿಯಿದೆ, ತರ್ಕ ಸರಿಯಿದೆ, ಎಲ್ಲಿ ತಪ್ಪಿತೋ ನನಗೆ ತಿಳಿಯುತ್ತಿಲ್ಲ ಎಂದೆ.

“ಸೊನ್ನಿ ಬರದ್ಯೇನು?” ಎಂದು ಕೇಳಿದಳು.

“ಇಲ್ಲ.”

“ಬರೀಬ್ಯಾಡ ಅಕ್ಕಾ. ನನ್ನ ಪಾಲು ಅಲ್ಲೇ ಇರ್ಲಿ ಬಿಡು. ನಾಳೆ ನಾ ಬರತೇನಿ. ಅವನ ಕೂಡ ಗಿರಣ್ಯಾಗ ಕುಂಡರತೇನಿ.”

“ನೀ ಬಂದ ಕುಂತ ಏನ ಮಾಡ್ತಿ?”

“ಅವನ ಕಡಿಂದ ಗಿರಣಿ ಬಿಡಸಾಕ ನಮಗ ಆಗಲಿಲ್ಲ. ಇನ್ನ ಅದನ್ನ ನಡಸೂದು ನಾನ ಕಲಕೊಂತೇನಿ.”